ಗನ್ನಿನ ಮೊಳೆಗೆ ತೊಟ್ಟಿಲು ಕಟ್ಟಬೇಡಿ

ಹೆಬ್ಬಳ್ಳಿಯ ಹೊಸ ಮನೆಯೊಂದರ ವಾಸ್ತುಶಾಂತಿಗೆ ಮೂರೇ ದಿನ ಬಾಕಿ ಇತ್ತು. ಬಣ್ಣ ಆಗಿತ್ತು, ಬಾಗಿಲಿಗೆ ಪಾಲಿಶ್ ಆಗಿತ್ತು. ಫ್ಯಾನ್ ಮಾತ್ರ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಸ್ಲ್ಯಾಬ್ ಹಾಕುವ ದಿನ ಪಡಸಾಲೆಯಲ್ಲಿ ಹುಕ್ ಬಿಡುವುದನ್ನೇ ಎಲ್ಲರೂ ಮರೆತಿದ್ದರು.

ಪಿಓಪಿ ಕೆಲಸಕ್ಕೆ ಧಾರವಾಡದಿಂದ ಬಂದಿದ್ದ ಹುಡುಗ ಚೀಲದಿಂದ ಉದ್ದನೆಯ ಗನ್ ತೆಗೆದ. ಚಾವಣಿಗೆ ಒತ್ತಿದ. ಢಂ ಅಂತು. ಮೊಳೆ ಕಾಂಕ್ರೀಟಿನೊಳಗೆ ಹೋಗಿ ಕೂತಿತ್ತು. ಡ್ರಿಲ್ ಬೇಡ, ಧೂಳಿಲ್ಲ, ಕರೆಂಟೂ ಬೇಕಿಲ್ಲ. ನೋಡುತ್ತ ನಿಂತಿದ್ದ ನಮಗೂ ಬೆರಗಾಯಿತು.

ಕಟ್ಟೆಯ ಮೇಲೆ ಕೂತಿದ್ದ ಆ ಮನೆಯ ಅಜ್ಜ ಕೇಳಿದರು: “ತಮ್ಮಾ, ಇದಕ್ಕ ತೊಟ್ಟಲಾ ಕಟ್ಟಿದ್ರ ತಡೀತೈತೇನು?” ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು.

“ಆನೀನ್ನ ಕಟ್ರಿ ಅಜ್ಜಾರ, ಏನೂ ಆಗಂಗಿಲ್ಲ” ಅಂದ ಹುಡುಗ.

ಅಜ್ಜನ ಪ್ರಶ್ನೆ ಸರಿಯಾಗಿತ್ತು, ಹುಡುಗನ ಉತ್ತರ ತಪ್ಪಾಗಿತ್ತು. ನಾವು ಎಂಜಿನಿಯರುಗಳಲ್ಲ, ಪತ್ರಿಕೋದ್ಯಮ ಓದಿದವರು. ಆದರೂ ಗೊತ್ತಿದ್ದವರನ್ನು ಕೇಳಿ, ಇಂಥ ಗನ್ ಮಾಡುವ ಕಂಪನಿಗಳ ಪುಸ್ತಿಕೆಗಳನ್ನು ಓದಿ ಒಂದು ನಿಲುವಿಗೆ ಬಂದಿದ್ದೇವೆ. ಮನುಷ್ಯರ ತಲೆಯ ಮೇಲೆ ತೂಗುವ, ಅಲುಗಾಡುವ ಯಾವುದೇ ವಸ್ತುವನ್ನು ಈ ಮೊಳೆಗೆ ಬಿಡಬಾರದು. ಫ್ಯಾನ್ ಬೇಡ, ತೊಟ್ಟಿಲು ಬೇಡ, ಜೋಕಾಲಿಯಂತೂ ಬೇಡವೇ ಬೇಡ.

ಗನ್ ಅಂದರೆ ಹೆಸರಿಗಷ್ಟೇ ಗನ್ ಅಲ್ಲ, ಒಳಗಿರುವುದು ನಿಜವಾದ ಮದ್ದು. ಗುಂಡಿಲ್ಲದ ಸಣ್ಣ ಕಾಡತೂಸು ಸಿಡಿದು, ಆ ಒತ್ತಡಕ್ಕೆ ಗಟ್ಟಿ ಉಕ್ಕಿನ ಮೊಳೆ ಕಾಂಕ್ರೀಟಿಗೆ ನುಗ್ಗುತ್ತದೆ. ಮೊಳೆ ನುಗ್ಗಿದ ಕಡೆ ಸುತ್ತಲಿನ ಕಾಂಕ್ರೀಟು ಒತ್ತಿಕೊಂಡು ಮೊಳೆಯನ್ನು ಬಿಗಿಯಾಗಿ ಅಮರಿಕೊಳ್ಳುತ್ತದೆ. ಆ ಗಳಿಗೆಯ ಬಿಸಿಗೆ ಅಲ್ಲಲ್ಲಿ ಎರಡೂ ಬೆಸೆದುಕೊಳ್ಳುವುದೂ ಉಂಟು. ಒಟ್ಟಿನಲ್ಲಿ ಮೊಳೆ ನಿಲ್ಲುವುದು ಕಚ್ಚಿನ ಬಲದಿಂದ.

ಈಗ ನಮ್ಮ ಹಳೆಯ ಮಾಳಿಗೆ ಮನೆಗಳನ್ನು ನೆನಪು ಮಾಡಿಕೊಳ್ಳಿ. ತೊಲೆ, ಜಂತಿ, ಮೇಲೆ ಮಣ್ಣು. ತೊಟ್ಟಿಲಿನ ಹಗ್ಗವನ್ನು ತೊಲೆಗೆ ಸುತ್ತುಹಾಕಿ ಇಳಿಬಿಡುತ್ತಿದ್ದರು. ಭಾರವೆಲ್ಲ ತೊಲೆಯ ಬೆನ್ನ ಮೇಲೆ ಕೂತಿರುತ್ತಿತ್ತು. ಹಗ್ಗ ಹರಿಯಬೇಕು, ಇಲ್ಲವೇ ತೊಲೆಯೇ ಮುರಿಯಬೇಕು, ಅಲ್ಲಿಯವರೆಗೆ ತೊಟ್ಟಿಲು ಬೀಳುವ ಮಾತೇ ಇಲ್ಲ. ಸ್ಲ್ಯಾಬಿನ ಕಬ್ಬಿಣದ ಸಳಿಗಳ ಮೇಲೆ ಹಾದುಬಂದ ಹುಕ್ಕು ಮಾಡುವುದೂ ಇದೇ ಕೆಲಸವನ್ನು. ಗನ್ನಿನ ಮೊಳೆ ಹಾಗಲ್ಲ. ಅದು ಯಾವುದರ ಮೇಲೂ ಕೂತಿಲ್ಲ, ಒಂದಿಂಚು ಆಳದಲ್ಲಿ ಕಚ್ಚಿಕೊಂಡು ನೇತಾಡುತ್ತಿದೆ. ಕಚ್ಚು ಸಡಿಲವಾದರೆ ಹಿಡಿಯಲು ಮತ್ತೊಂದಿಲ್ಲ.

“ಫ್ಯಾನ್ ಇರೋದು 5 ಕಿಲೋ, ಮೊಳೆಗೆ ನಾನೇ ಜೋತುಬಿದ್ದು ತೋರಿಸ್ತೀನಿ” ಎನ್ನುವವರಿದ್ದಾರೆ. ಜೋತುಬಿದ್ದರೆ ಮೊಳೆ ಬರದೇ ಇರಬಹುದು, ಒಪ್ಪುತ್ತೇವೆ. ಆದರೆ ಒಮ್ಮೆ ಎಳೆದು ನೋಡುವುದೇ ಬೇರೆ, ವರ್ಷಗಟ್ಟಲೆ ತೂಗುವುದೇ ಬೇರೆ. ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ರೆಕ್ಕೆ ತುಸು ಓರೆಯಾಗಿದ್ದರೂ ಸುತ್ತಿಗೊಂದು ಜಗ್ಗು. ಬೇಸಿಗೆಯಲ್ಲಿ ದಿನಕ್ಕೆ 10 ತಾಸು ತಿರುಗಿದರೆ 1,80,000 ಜಗ್ಗು ಆಯಿತು. ಅದೂ ಒಂದು ದಿನಕ್ಕೆ.

ಇನ್ನೊಂದು ಮಾತು ನಮಗೆ ಹೊಸದಾಗಿ ತಿಳಿದದ್ದು. ಎರಡು ಇಟ್ಟಿಗೆಯ ಮೇಲೆ ಹಲಗೆ ಇಟ್ಟು ನಡುವೆ ನಿಂತರೆ ಹಲಗೆ ಬಾಗುತ್ತದೆ, ಅದರ ಕೆಳಮೈ ಹಿಗ್ಗುತ್ತದೆ. ಸ್ಲ್ಯಾಬೂ ಹಾಗೇ, ಕಣ್ಣಿಗೆ ಕಾಣದಷ್ಟು. ಹಿಗ್ಗನ್ನು ತಡೆಯುವುದು ಕಾಂಕ್ರೀಟಿನ ಗುಣವಲ್ಲ. ಅದಕ್ಕೇ ಕೆಳಗಡೆ ಸಳಿ ಹಾಕುವುದು. ಹಾಗಾಗಿ ಕೋಣೆಯ ನಟ್ಟನಡುವೆ, ಚಾವಣಿಯ ಕೆಳಮೈಯಲ್ಲಿ, ಕೂದಲೆಳೆಯಂಥ ಸೀಳುಗಳು ಬೀಳುವುದು ಸಹಜ. ನಾವು ಫ್ಯಾನ್ ಹಾಕುವುದೂ ಸರಿಯಾಗಿ ಅಲ್ಲೇ! ಮೊಳೆಯ ಪಕ್ಕದಲ್ಲಿ ಅಂಥ ಸೀಳು ಹಾದುಹೋದರೆ ಕಚ್ಚು ಅರ್ಧಕ್ಕಿಳಿಯಬಹುದು. ಮೇಲಾಗಿ ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಪಾಯ ಅಲುಗಿ ಗೋಡೆ ಸೀಳುವುದನ್ನು ಎರೆನಾಡಿನವರಿಗೆ ಹೇಳಿಕೊಡಬೇಕಿಲ್ಲ.

ತೂಗುವ ಭಾರದ ವಿಷಯಕ್ಕೆ ದೂರದ ಒಂದು ಘಟನೆ ಹೇಳಬೇಕು. ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಸುರಂಗ ರಸ್ತೆಯ ಚಾವಣಿಗೆ ಕಾಂಕ್ರೀಟ್ ಹಲಗೆಗಳನ್ನು ತೂಗುಹಾಕಿದ್ದರು. ಅಲ್ಲಿ ಗನ್ನಿನ ಮೊಳೆ ಇರಲಿಲ್ಲ. ರಂಧ್ರ ಕೊರೆದು, ಎಪಾಕ್ಸಿ ಅಂಟಿನಲ್ಲಿ ಉಕ್ಕಿನ ಸರಳು ಕೂರಿಸಿದ್ದರು. ಹಾಕಿದಾಗ ಎಳೆದು ಪರೀಕ್ಷೆಯನ್ನೂ ಮಾಡಿದ್ದರು. ಕೆಲವು ವರ್ಷ ಏನೂ ಆಗಲಿಲ್ಲ. 2006ರ ಜುಲೈ 10ರ ರಾತ್ರಿ ಹಲಗೆಗಳು ಕಳಚಿ ಕಾರೊಂದರ ಮೇಲೆ ಬಿದ್ದು ಒಬ್ಬ ಹೆಣ್ಣುಮಗಳು ಸತ್ತಳು. ಸದಾ ತೂಗುತ್ತಿದ್ದ ಭಾರಕ್ಕೆ ಅಂಟು ಸ್ವಲ್ಪಸ್ವಲ್ಪವೇ ಜಾರುತ್ತ ಬಂದಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ದೊಡ್ಡ ದೊಡ್ಡ ಎಂಜಿನಿಯರುಗಳಿದ್ದ ಕಡೆಯೇ ಹೀಗಾದರೆ, “ಏನೂ ಆಗಂಗಿಲ್ಲ” ಎನ್ನುವ ಮಾತಿಗೆ ಬೆಲೆ ಎಷ್ಟು?

ಹಾಗಂತ ಗನ್ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಪಿಓಪಿಯ ಅಂಚಿನ ಪಟ್ಟಿ, ತಗಡಿನ ಚಾನೆಲ್, ವೈರಿನ ಪೈಪಿನ ಕ್ಲಿಪ್, ಇಂಥ ಹಗುರ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಅಲ್ಲಿ ಸಾಲಾಗಿ ಹತ್ತಾರು ಮೊಳೆ ಇರುತ್ತವೆ. ಒಂದು ಕೈಬಿಟ್ಟರೆ ಪಕ್ಕದ್ದು ಹಿಡಿಯುತ್ತದೆ. ಗನ್ನಿನ ಮೊಳೆಗಳ ಹಿಡಿತ ಒಂದರದ್ದು ಒಂದರಂತೆ ಇರುವುದಿಲ್ಲ. ಒಂದು ಕಲ್ಲಿನ ಖಡಿಗೆ ತಾಗಿ ಓರೆಯಾಗಿರುತ್ತದೆ, ಇನ್ನೊಂದು ಸಳಿಗೆ ತಾಗಿ ಅರ್ಧಕ್ಕೇ ನಿಂತಿರುತ್ತದೆ. ಗುಂಪಿನಲ್ಲಿ ಇದು ನಡೆಯುತ್ತದೆ, ಒಂಟಿ ಮೊಳೆಗೆ ನಡೆಯುವುದಿಲ್ಲ. ಅಂದಹಾಗೆ, ಪಿಓಪಿ ಇರುವ ಮನೆಯಲ್ಲಿ ಫ್ಯಾನಿನ ರಾಡು ಪಿಓಪಿಯನ್ನು ದಾಟಿ ಸ್ಲ್ಯಾಬಿನವರೆಗೆ ಹೋಗಬೇಕು. ಚಾನೆಲ್ಲಿಗೆ ಫ್ಯಾನ್ ಬಿಗಿದ ಮನೆಯಲ್ಲಿ ನಾವಂತೂ ಊಟಕ್ಕೆ ಕೂಡುವುದಿಲ್ಲ.

ಆ ಹಗುರ ಕೆಲಸವನ್ನೂ ಸರಿಯಾಗಿ ಮಾಡುವವರು ಕಡಿಮೆ. ನಮ್ಮೂರ ಕಡೆಯ ಎಷ್ಟೋ ಹುಡುಗರು ಪಿಓಪಿ ಕೆಲಸಕ್ಕೆ ಹುಬ್ಬಳ್ಳಿಗೆ, ಗೋವಾಕ್ಕೆ, ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಮುಂದಿನ ಮಾತು ನಿಮಗೆ.

ಮೊದಲು ಗಿಲಾವ್ ಲೆಕ್ಕ. ಕಾಂಕ್ರೀಟಿನೊಳಗೆ ಮೊಳೆ ಕನಿಷ್ಠ 20ರಿಂದ 25 ಮಿಲಿಮೀಟರ್ ಹೋಗಬೇಕು. ಗಿಲಾವ್ ಕಾಂಕ್ರೀಟಲ್ಲ, ಅದರ ಹಿಡಿತ ಸೊನ್ನೆ. 27 ಮಿಲಿಮೀಟರ್ ಮೊಳೆ ಹೊಡೆದಿರಿ, ಗಿಲಾವ್ 10, ಚಾನೆಲ್ಲಿನ ತಗಡು 1. ಉಳಿದದ್ದು 16. ಹೊರಗಿನಿಂದ ನೋಡಿದರೆ ಮೊಳೆ ಪೂರ್ತಿ ಕೂತಿದೆ, ಒಳಗೆ ಅರೆಬರೆ ಕಚ್ಚಿದೆ. ಗಿಲಾವ್ ದಪ್ಪ ಎಷ್ಟೆಂದು ಒಂದು ಕಡೆ ಕೆತ್ತಿ ನೋಡಿ ಮೊಳೆ ಆರಿಸಬೇಕು. ಸಿಕ್ಕಾಪಟ್ಟೆ ಉದ್ದದ್ದೂ ಬೇಡ. ನಮ್ಮ ಮನೆಗಳ ಸ್ಲ್ಯಾಬಿನಲ್ಲಿ ಸಳಿ ಇರುವುದು ಕೆಳಮೈಯಿಂದ 15–20 ಮಿಲಿಮೀಟರ್ ಒಳಗೆ ಅಷ್ಟೇ. ಸಳಿಗೆ ತಾಗಿದ ಮೊಳೆ ಬಾಗುತ್ತದೆ, ಕೆಲವೊಮ್ಮೆ ತಿರುಗಿ ಬರುತ್ತದೆ.

ಹೊಡೆಯುವ ಮುಂಚೆ ಅದೇ ಮೊಳೆಯನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದೇಟು ಹಾಕಿ ನೋಡುವ ಹಳೆಯ ಪರೀಕ್ಷೆ ಇದೆ. ಮೊನೆ ಮೊಂಡಾದರೆ ಆ ಜಾಗ ಗನ್ನಿಗೆ ಅತಿ ಗಟ್ಟಿ. ಮೈ ಸಿಡಿದು ಬಿರಿದರೆ ಪೆಡಸು. ಸುಲಭವಾಗಿ ಇಳಿದುಬಿಟ್ಟರೆ ಮೆತ್ತಗೆ. ಮೂರರಲ್ಲಿ ಯಾವುದಾದರೂ ಗನ್ ಎತ್ತಬಾರದು. ಟೈಲ್ಸ್, ಬೀಡು ಕಬ್ಬಿಣ, ಟೊಳ್ಳು ಬ್ಲಾಕಿಗಂತೂ ಹೊಡೆಯಲೇಬಾರದು. ತೆಳುವಾದ ಗೋಡೆಯಾದರೆ ಮೊಳೆ ಆ ಕಡೆ ಹಾದು ಅಲ್ಲಿದ್ದವರಿಗೆ ತಾಗೀತು. ಕಾಂಕ್ರೀಟಿನ ದಪ್ಪ ಮೊಳೆ ಇಳಿಯುವ ಆಳದ ಮೂರು ಪಟ್ಟಾದರೂ ಇರಬೇಕು. ಅಂಚಿನಿಂದ, ಮತ್ತು ಒಂದು ಮೊಳೆಯಿಂದ ಇನ್ನೊಂದಕ್ಕೆ, ಮೂರಿಂಚು ಬಿಡಬೇಕು.

ಕಾಡತೂಸಿಗೆ ಹಸಿರು, ಹಳದಿ, ಕೆಂಪು ಎಂದು ಬಣ್ಣವಿರುತ್ತದೆ. ಸಾಮಾನ್ಯವಾಗಿ ಹಸಿರಿಗಿಂತ ಹಳದಿ ಜೋರು, ಹಳದಿಗಿಂತ ಕೆಂಪು ಜೋರು. ಆದರೆ ಎಲ್ಲ ಕಂಪನಿಗಳ ಲೆಕ್ಕ ಒಂದೇ ಅಲ್ಲ, ಪೆಟ್ಟಿಗೆಯ ಮೇಲಿನ ಬರಹ ಓದಲೇಬೇಕು. ಶುರು ಮಾಡುವುದು ಯಾವಾಗಲೂ ಕಡಿಮೆ ಜೋರಿನದರಿಂದ. ಮೊಳೆಯ ತಲೆ ಹೊರಗೇ ಉಳಿದರೆ ಒಂದು ಮೆಟ್ಟಿಲು ಮೇಲೆ ಹೋಗಿ. ಸುತ್ತಲಿನ ಕಾಂಕ್ರೀಟು ಉದುರಿದರೆ ಆ ಜಾಗ ಬಿಟ್ಟು ಮೂರಿಂಚು ಸರಿಯಿರಿ, ಕೆಟ್ಟ ತೂತಿಗೇ ಮತ್ತೊಂದು ಮೊಳೆ ಹೊಡೆಯಬೇಡಿ.

ಕಾಡತೂಸು ಸಿಡಿಯದಿದ್ದರೆ ಗನ್ನನ್ನು ತಕ್ಷಣ ತೆಗೆದು ಮುಖದ ಮುಂದೆ ಹಿಡಿದು ನೋಡುವ ಚಾಳಿ ಇದೆ. ದಯವಿಟ್ಟು ಬೇಡ. ಒತ್ತಿ ಹಿಡಿದಂತೆಯೇ 30 ಸೆಕೆಂಡ್ ನಿಲ್ಲಿ. ಆಮೇಲೆ ಪುಸ್ತಿಕೆಯಲ್ಲಿ ಹೇಳಿದ ಹಾಗೆ ತೆಗೆದು ಬಕೆಟ್ ನೀರಿಗೆ ಹಾಕಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕೆಳಗೆ ಯಾರೂ ಇರಬಾರದು. ನಾವು ನೋಡಿದ ಹುಡುಗನ ಹತ್ತಿರ ಕನ್ನಡಕವಿತ್ತು, ಅಂಗಿಯ ಜೇಬಿನಲ್ಲಿತ್ತು. ದುಡಿಸಿಕೊಳ್ಳುವ ಗುತ್ತಿಗೆದಾರರೂ ಕೇಳಲಿಲ್ಲ, ಮನೆಯವರೂ ಕೇಳಲಿಲ್ಲ. ಕಣ್ಣು ಹೋದರೆ ಅವನ ಮನೆಯವರಷ್ಟೇ ಅನುಭವಿಸಬೇಕು.

ಇನ್ನು ಹುಕ್ ಬಿಡದ ಮನೆಯವರು ಏನು ಮಾಡಬೇಕು? ಮೇಲೆ ಹತ್ತಲು ಜಾಗವಿದ್ದರೆ ಸ್ಲ್ಯಾಬನ್ನು ಆರಪಾರ ಕೊರೆದು 12 ಮಿಲಿಮೀಟರ್ ರಾಡು ಇಳಿಬಿಟ್ಟು, ಮೇಲುಗಡೆ ಅಂಗೈ ಅಗಲದ ಕಬ್ಬಿಣದ ಪ್ಲೇಟು, ಅದರ ಮೇಲೆ ಎರಡು ನಟ್ ಬಿಗಿಯುವುದು ಎಲ್ಲಕ್ಕಿಂತ ನೆಚ್ಚಿಕೆಯ ದಾರಿ. ಇದು ಮತ್ತೆ ತೊಲೆಯ ಲೆಕ್ಕವೇ, ಭಾರ ಸ್ಲ್ಯಾಬಿನ ಬೆನ್ನ ಮೇಲೆ ಕೂರುತ್ತದೆ. ಕೊರೆಯುವಾಗ ಸಳಿ ಕತ್ತರಿಸಬಾರದು, ಒಳಗೆ ಹಾದ ವೈರಿನ ಪೈಪು ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು, ಮೇಲಿನ ತೂತಿಗೆ ನೀರು ಇಳಿಯದಂತೆ ಮುಚ್ಚಬೇಕು. ಮೇಲೆ ಇನ್ನೊಂದು ಅಂತಸ್ತು ಇದ್ದರೆ ಆಂಕರ್ ಬೋಲ್ಟ್‌ ಹಾಕಿ. ಚಾವಣಿಗೆ ಆಗುವ ಒಳ್ಳೆಯ ಕಂಪನಿಯದೇ ಇರಲಿ. ಒಂದೇ ಬೋಲ್ಟಲ್ಲ, ಪ್ಲೇಟಿನ ಹುಕ್ಕಿಗೆ ಎರಡೋ ನಾಲ್ಕೋ. ತೂತಿನ ಧೂಳು ಊದಿ ತೆಗೆಯದೆ ಬೋಲ್ಟು ಹಾಕಿದರೆ ಹಾಕಿಯೂ ಹಾಕದಂತೆ. ಪ್ಲಾಸ್ಟಿಕ್ ಗಟ್ಟಿ ಬಡಿದು ಸ್ಕ್ರೂ ತಿರುವುವುದು ಗೋಡೆಯ ಕ್ಯಾಲೆಂಡರಿಗೆ ಸರಿ, ಫ್ಯಾನಿಗಲ್ಲ.

ಏನೇ ಹಾಕಿದರೂ ಫ್ಯಾನ್ ಏರಿಸುವ ಮುಂಚೆ 50 ಕಿಲೋ ಸಿಮೆಂಟ್ ಚೀಲವನ್ನು ನೆಲಕ್ಕೆ ಗೇಣುದ್ದ ಮೇಲೆ ಬರುವ ಹಾಗೆ ಕಟ್ಟಿ, ಕೋಣೆಗೆ ಬೀಗ ಹಾಕಿ ರಾತ್ರಿಯಿಡೀ ಬಿಡಿ. ಇದು ಸರ್ಟಿಫಿಕೇಟ್ ಅಲ್ಲ, ತೀರ ಕೆಟ್ಟ ಕೆಲಸವಾಗಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ. ಅಷ್ಟಾದರೂ ಆಗಲಿ.

ಸ್ಲ್ಯಾಬ್ ಇನ್ನೂ ಹಾಕದವರಿಗೆ ಕೆಲಸ ಸುಲಭ. ಸಳಿ ಕಟ್ಟಿದ ಸಂಜೆ ನೀವೇ ಮೇಲೆ ಹತ್ತಿ ಎಣಿಸಿ: ಪಡಸಾಲೆಗೆ ಎಷ್ಟು, ಕೋಣೆಗೆ ಎಷ್ಟು, ತೊಟ್ಟಿಲಿಗೆ ಎರಡು. ಹುಕ್ಕಿನ ರಾಡು ಸಳಿಗಳ ಮೇಲೆ ಹಾದು ತಂತಿಯಿಂದ ಬಿಗಿಯಾಗಿದೆಯೋ ಇಲ್ಲವೋ ಕೈಯಿಂದ ಅಲುಗಿಸಿ ನೋಡಿ. ಒಂದು ಹುಕ್ಕಿಗೆ ತಗಲುವುದು ಅವತ್ತು ಗೌಂಡಿಗಳಿಗೆ ತರಿಸುವ ಚಹಾದ ಖರ್ಚಿಗಿಂತ ಕಡಿಮೆ.

ಮನೆಯಾದರೆ ಮಾಲೀಕರು ನೋಡಿಕೊಂಡಾರು. ಶಾಲೆ, ಅಂಗನವಾಡಿಗಳ ಗತಿ? ದಾನಿಗಳು ಫ್ಯಾನ್ ಕೊಡುತ್ತಾರೆ, ಫೋಟೊ ಆಗುತ್ತದೆ, ಯಾರೋ ಬಂದು ಹೇಗೋ ಬಿಗಿದು ಹೋಗುತ್ತಾರೆ. ಅದರ ಕೆಳಗೆ ಮಕ್ಕಳು ಐದಾರು ತಾಸು ಕೂಡುತ್ತಾರೆ. ರಿಪೇರಿಯ ಎಸ್ಟಿಮೇಟಿನಲ್ಲಿ ಎಷ್ಟು ಫ್ಯಾನ್ ಎಂದು ಬರೆಯುವಂತೆ, ಯಾವುದಕ್ಕೆ ಹೇಗೆ ಬಿಗಿಯಬೇಕು ಎಂಬುದನ್ನೂ ಬರೆಯಬೇಕು, ಬಿಗಿದ ಮೇಲೆ ಭಾರ ತೂಗಿ ನೋಡಿ ಸಹಿ ಹಾಕಬೇಕು. ಎಸ್‌ಡಿಎಂಸಿ ಸದಸ್ಯರು ಇದನ್ನು ಕೇಳಲಿ. ಗ್ರಾಮಸಭೆಯಲ್ಲಿ ಕೇಳಲು ನಾವೂ ಬರುತ್ತೇವೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದ ಮೇಲೆ ನಮ್ಮ ಕಡೆ ಜನ ಕಂಬ ಎಷ್ಟು ದಪ್ಪ ಎಂದು ಕೇಳುವುದನ್ನು ಕಲಿತಿದ್ದಾರೆ. ಚಾವಣಿಗೆ ತೂಗುವುದರ ಬಗ್ಗೆಯೂ ಹಾಗೇ ಕೇಳಲಿ.

ಹೆಬ್ಬಳ್ಳಿಯ ಆ ಮನೆಯಲ್ಲಿ ಕೊನೆಗೆ ಆರಪಾರ ರಾಡೇ ಇಳಿಯಿತು. ಡ್ರಿಲ್ ತಂದವನು ಅದೇ ಪಿಓಪಿ ಹುಡುಗ. ಮೊದಲು ಮುಖ ಊದಿಸಿಕೊಂಡಿದ್ದ, ಕೆಲಸ ಮಾತ್ರ ಚೊಕ್ಕಟವಾಗಿ ಮಾಡಿದ. ಫ್ಯಾನಿಗೆ ಒಂದು, ಅಜ್ಜ ಹೇಳಿ ಹಾಕಿಸಿದ ಇನ್ನೆರಡು ತೊಟ್ಟಿಲಿಗೆ. ವಾಸ್ತುಶಾಂತಿಯ ದಿನ ಪಡಸಾಲೆಯ ನಡುವೆ ಸಿಮೆಂಟ್ ಚೀಲವೊಂದು ತೂಗುತ್ತಲೇ ಇತ್ತು. ಬಂದ ಬೀಗರೆಲ್ಲ ಅದರ ಕಥೆ ಕೇಳುತ್ತಿದ್ದರು, ಹುಡುಗನೇ ನಿಂತು ಹೇಳುತ್ತಿದ್ದ.