ಹಿಮ್ಮುಖ ಅಡಮಾನ: ಮನೆ ಮೊದಲು ಋಣಮುಕ್ತವಾಗಲಿ

ಜೀವಮಾನವಿಡೀ ಅಂಗಡಿ ನಡೆಸಿದ ವರ್ತಕನಿಗೆ ನಿವೃತ್ತಿ ವೇತನವಿಲ್ಲ. ಕೇಂದ್ರ ಸರಕಾರವು 2019ರಲ್ಲಿ ಸಣ್ಣ ವ್ಯಾಪಾರಿಗಳಿಗಾಗಿ ಪಿಂಚಣಿ ಯೋಜನೆ ತಂದಿತಾದರೂ ಸೇರ್ಪಡೆಗೆ 18ರಿಂದ 40ರ ವಯೋಮಿತಿ ಇದ್ದುದರಿಂದ ಹಿರಿಯರಿಗೆ ಅದು ಒದಗಲಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅಂಥವರಿಗೆ ಉಳಿಯುವ ದೊಡ್ಡ ಆಸ್ತಿಯೆಂದರೆ ಮನೆಯೊಂದೇ. ಆ ಮನೆಯಲ್ಲಿ ವಾಸಿಸುತ್ತಲೇ ಅದರ ಆಧಾರದ ಮೇಲೆ ತಿಂಗಳು ತಿಂಗಳು ಹಣ ಪಡೆಯುವ ಹಿಮ್ಮುಖ ಅಡಮಾನ, ಅಂದರೆ ರಿವರ್ಸ್ ಮಾರ್ಟ್‌ಗೇಜ್, 2007-08ರ ಕೇಂದ್ರ ಮುಂಗಡಪತ್ರದಲ್ಲಿ ಪ್ರಕಟವಾಯಿತು. ಇದು ಯಾರಿಗೆ ಹಿತ ಎಂಬುದನ್ನು ವರ್ತಕರು ವಿಚಾರಿಸಿ ನೋಡಬೇಕಾಗಿದೆ.

ರಾಷ್ಟ್ರೀಯ ವಸತಿ ಬ್ಯಾಂಕಿನ ಮಾರ್ಗಸೂಚಿಯಂತೆ ಸಾಲಗಾರನಿಗೆ 60 ವರ್ಷ ತುಂಬಿರಬೇಕು. ಮನೆಯು ಸ್ವಯಾರ್ಜಿತವಾಗಿಯೂ ಸ್ವಂತ ವಾಸದ್ದಾಗಿಯೂ ಋಣಮುಕ್ತವಾಗಿಯೂ ಇರಬೇಕು. ಪತಿ-ಪತ್ನಿಯರು ಅಲ್ಲಿ ವಾಸವಾಗಿರುವವರೆಗೆ ಮರುಪಾವತಿಯ ಪ್ರಶ್ನೆಯಿಲ್ಲ. ಇಬ್ಬರ ತರುವಾಯ ವಾರಸುದಾರರು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು; ಇಲ್ಲವಾದರೆ ಬ್ಯಾಂಕು ಅದನ್ನು ಮಾರಿ ಹೆಚ್ಚುವರಿ ಹಣವನ್ನು ಅವರಿಗೆ ಕೊಡುತ್ತದೆ.

ಆದರೆ ಲೆಕ್ಕವನ್ನು ನೋಡದೆ ಮುಂದುವರಿಯಬಾರದು. 40 ಲಕ್ಷ ರೂಪಾಯಿ ಬೆಲೆಯ ಮನೆಗೆ ಬಡ್ಡಿ ಸೇರಿ 24 ಲಕ್ಷದ ಮಿತಿ, 15 ವರ್ಷದ ಅವಧಿ, ಶೇಕಡಾ 10 ಬಡ್ಡಿ ಎಂದು ಹಿಡಿದರೆ ತಿಂಗಳಿಗೆ ದೊರೆಯುವುದು ಸುಮಾರು 5,790 ರೂಪಾಯಿ. ಕೈಗೆ ಬರುವ ಒಟ್ಟು ಹಣ ಸುಮಾರು 10.4 ಲಕ್ಷ, ಉಳಿದ 13.6 ಲಕ್ಷ ಬಡ್ಡಿ. ಅವಧಿ ಮುಗಿದ ಮೇಲೆ ವಾಸದ ಹಕ್ಕು ಉಳಿದರೂ ಕಂತು ನಿಲ್ಲುತ್ತದೆ. 60ಕ್ಕೆ ಆರಂಭಿಸಿದವನಿಗೆ ಔಷಧೋಪಚಾರದ ಖರ್ಚು ಏರುವ 75ರಲ್ಲಿಯೇ ಆದಾಯ ಇಲ್ಲವಾಗುತ್ತದೆ. ಆದುದರಿಂದ ಬೇರೆ ಉಳಿತಾಯವಿರುವವರು 70ರ ಆಚೆಗೆ ಇದನ್ನು ಯೋಚಿಸುವುದು ಲೇಸು.

ವರ್ತಕರಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಮುಂದೆ ಅಂಗಡಿ, ಹಿಂದೆ ವಾಸ. ಬೆಟಗೇರಿಯ ನೇಕಾರರಲ್ಲಿ ಮನೆಯೊಳಗೇ ಮಗ್ಗ. ಅನೇಕ ಮನೆಗಳು ಪಿತ್ರಾರ್ಜಿತ, ಅಣ್ಣತಮ್ಮಂದಿರಲ್ಲಿ ವಿಭಾಗವಾಗದೆ ಉಳಿದವು. ಸ್ವಂತದ್ದಾದರೂ ಉತಾರದಲ್ಲಿ ಕ್ಯಾಶ್ ಕ್ರೆಡಿಟ್ ಸಾಲದ ಬೋಜಾ ಇರುವುದುಂಟು. ಇಂಥ ಮನೆಗೆ ಈ ಸೌಲಭ್ಯ ಸಿಗುವುದು ಕಷ್ಟ. ಸಿಕ್ಕ ಹಣವನ್ನು ವ್ಯಾಪಾರಕ್ಕೆ ತೊಡಗಿಸುವುದನ್ನೂ ಮಾರ್ಗಸೂಚಿ ನಿಷೇಧಿಸಿದೆ.

ಮಕ್ಕಳಿಲ್ಲದ ಅಥವಾ ಮಕ್ಕಳು ದೂರದಲ್ಲಿ ನೆಲೆಸಿದ, ಪ್ರತ್ಯೇಕ ಸ್ವಯಾರ್ಜಿತ ಮನೆಯುಳ್ಳ ವೃದ್ಧ ದಂಪತಿಗಳಿಗೆ ಈ ಯೋಜನೆ ನಿಜವಾದ ಆಸರೆ. ಮಗನು ಅದೇ ಮನೆಯಲ್ಲಿ ಅಂಗಡಿ ಮುಂದುವರಿಸುವುದಾದರೆ ಅದು ತಕ್ಕದ್ದಲ್ಲ. ಯಾವ ದಾರಿ ಹಿಡಿದರೂ ವ್ಯಾಪಾರದ ಸಾಲದಿಂದ ವಾಸದ ಮನೆಯನ್ನು ಐವತ್ತರ ವಯಸ್ಸಿನಲ್ಲಿಯೇ ಬಿಡಿಸಿಕೊಂಡು, ವಿಭಾಗ ಪತ್ರ, ಉತಾರಗಳನ್ನು ಸರಿಪಡಿಸಿಕೊಂಡವನಿಗೆ ಮಾತ್ರ ಅರವತ್ತರ ನಂತರ ಆಯ್ಕೆಯ ಸ್ವಾತಂತ್ರ್ಯವಿರುತ್ತದೆ. ಅಂಗಡಿಯ ನಷ್ಟಕ್ಕೆ ಮನೆಯನ್ನು ಹೊಣೆಯಾಗಿಸಿದವನಿಗೆ ಮುಪ್ಪಿನಲ್ಲಿ ಯಾವ ಯೋಜನೆಯೂ ನೆರವಾಗದು.