‘ಇನ್ನೇನು ಚಿಂತೆ?’ ಎಂದು ಕೇಳುವವರಿಗೆ

ಐವಿಎಫ್ ಮಾಡಿಸಿಕೊಂಡು ಗರ್ಭಿಣಿಯಾದ ಹೆಂಗಸಿಗೆ ನಮ್ಮ ಜನ ತಪ್ಪದೆ ಹೇಳುವ ಮಾತೊಂದಿದೆ: ‘ದೇವರು ಕಣ್ಣು ಬಿಟ್ಟ, ಇನ್ನೇನು ಚಿಂತೆ?’ ಹೇಳುವವರ ದನಿಯಲ್ಲಿ ಪ್ರೀತಿಯೇ ಇರುತ್ತದೆ. ಆದರೂ ನನ್ನ ಜಗಳ ಈ ಮಾತಿನ ಜೊತೆಗೇ. ಅದು ಪ್ರಶ್ನೆಯಂತೆ ಕಾಣುತ್ತದೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ. ಇಷ್ಟು ವರ್ಷ ಮಗು ಬೇಕೆಂದು ಅತ್ತೆಯಲ್ಲ, ಸಿಕ್ಕಿತು, ಇನ್ನು ನಿನಗೆ ಅಳುವ ಹಕ್ಕಿಲ್ಲ ಎಂಬ ತೀರ್ಪು ಅದರೊಳಗೇ ಕೂತಿದೆ.

ನನಗೀಗ 29 ವರ್ಷ, 24 ವಾರದ ಗರ್ಭಿಣಿ. ವಿಶ್ವವಿದ್ಯಾಲಯವೊಂದರಲ್ಲಿ ಬಯಕೆ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಎರಡೂ ಗರ್ಭನಾಳಗಳು ಮುಚ್ಚಿವೆ ಎಂದು ಗೊತ್ತಾದ ಮೇಲೆ ಐವಿಎಫ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಮೊದಲ ಸುತ್ತು ಹೋಯಿತು, ಎರಡನೆಯದು ನಿಂತಿತು. ನಿಂತ ಮರುದಿನದಿಂದಲೇ ಎಲ್ಲರೂ ನಿರಾಳರಾದರು. ನಾನೊಬ್ಬಳು ಆಗಲಿಲ್ಲ.

ಚಿಂತೆ ಏನು ಎಂದು ನಿಜವಾಗಿಯೂ ತಿಳಿಯಬೇಕಾದವರಿಗೆ ಹೇಳುತ್ತೇನೆ. ಟಾಯ್ಲೆಟ್‌ಗೆ ಹೋದಾಗಲೆಲ್ಲ ಮೊದಲು ಬಟ್ಟೆಯ ಮೇಲೆ ಕಲೆ ಇದೆಯೇ ಎಂದು ನೋಡುವುದು. ನಸುಗೆಂಪು ಕಂಡರೆ ಅದು ಪ್ರೊಜೆಸ್ಟರಾನ್ ಗುಳಿಗೆಯ ದೆಸೆಯಿಂದಲೋ, ಎಲ್ಲ ಮುಗಿಯಿತೋ ಎಂದು ಗೋಡೆಗೆ ಒರಗಿ ನಿಲ್ಲುವುದು. ವಾಂತಿ ಬಂದರೆ ಸಂಕಟ, ಒಂದು ದಿನ ಬಾರದಿದ್ದರೆ ಇನ್ನೂ ದೊಡ್ಡ ಸಂಕಟ. ಒಂದು ಸ್ಕ್ಯಾನಿನಿಂದ ಮುಂದಿನ ಸ್ಕ್ಯಾನಿನವರೆಗೆ ದಿನ ಎಣಿಸುವುದು. ಹತ್ತು ಹನ್ನೆರಡು ವಾರಕ್ಕೆ ಹಾರ್ಮೋನು ನಿಲ್ಲಿಸಿ ಎಂದು ಡಾಕ್ಟರು ಹೇಳಿದಾಗ, ಸೂಜಿ ತಪ್ಪಿತೆಂಬ ಖುಷಿಗಿಂತ ಆಧಾರ ತಪ್ಪಿತೆಂಬ ಭಯವೇ ಮುಂದಾಗುವುದು. ‘ಕೊನೆಯ ಮುಟ್ಟು ಯಾವಾಗ?’ ಎಂದು ತಾಯಿ ಕಾರ್ಡ್ ತುಂಬುವಾಗ ಆಶಾ ಕಾರ್ಯಕರ್ತೆ ಕೇಳಿದರೆ, ಪಕ್ಕದಲ್ಲಿ ಕೂತ ನೆರೆಮನೆಯಾಕೆಗೆ ಗೊತ್ತಾಗದಂತೆ ಏನು ಹೇಳುವುದು ಎಂದು ತಡವರಿಸುವುದು. ಇವು ದೊಡ್ಡ ದುರಂತಗಳಲ್ಲ. ದಿನಾ ಬರುವ ಸಣ್ಣ ಸಣ್ಣ ಹೆದರಿಕೆಗಳು. ಆದರೆ ಒಮ್ಮೆ ಕಳೆದುಕೊಂಡವಳಿಗೆ ಸಣ್ಣದು ಸಣ್ಣದಾಗಿ ಕಾಣುವುದಿಲ್ಲ.

ಆಸ್ಪತ್ರೆ ಈ ಹೊತ್ತಿನಲ್ಲಿ ಎಲ್ಲಿರುತ್ತದೆ? ನಾನು ಹೋಗುತ್ತಿದ್ದ ಕಡೆ ಗೋಡೆ ತುಂಬ ಮಕ್ಕಳ ಫೋಟೊಗಳಿವೆ. ಚಿಕಿತ್ಸೆಗೆ ಮುಂಚೆ ಕೌನ್ಸೆಲರ್ ಮೂರು ಸಲ ಕೂರಿಸಿಕೊಂಡು ಮಾತಾಡಿದ್ದರು; ಎರಡು ಸಲ ಮಾತು ಪ್ಯಾಕೇಜಿನದೇ. ಭ್ರೂಣದ ಎದೆಬಡಿತ ಕಂಡ ಮೇಲೆ ಫೈಲು ಕೈಗೆ ಕೊಟ್ಟು, ಇನ್ನು ಹೆರಿಗೆ ಡಾಕ್ಟರ ಹತ್ತಿರ ಹೋಗಿ ಎಂದರು. ಒಮ್ಮೆ ಕೌನ್ಸೆಲರ್ ಜೊತೆ ಮಾತಾಡಬೇಕು ಅಂದೆ. ‘ಪಾಸಿಟಿವ್ ಬಂದಿದೆಯಲ್ಲಮ್ಮ, ಇನ್ಯಾಕೆ ಕೌನ್ಸೆಲಿಂಗ್?’ ಎಂದು ರಿಸೆಪ್ಷನ್‌ನ ಹುಡುಗಿ ನಕ್ಕಳು. ಅವಳ ತಪ್ಪಲ್ಲ. ಅವಳಿಗೆ ಕಲಿಸಿಕೊಟ್ಟ ಲೆಕ್ಕದಲ್ಲಿ ನಾನು ಮುಗಿದ ಕೇಸು.

ಕಾನೂನಿನ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಿಲ್ಲ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಕ್ಲಿನಿಕ್‌ಗಳಿಗೆ ಸಮಾಲೋಚನೆಯನ್ನು ಕಡ್ಡಾಯ ಮಾಡಿದೆ. ಚಿಕಿತ್ಸೆಯ ಪರಿಣಾಮ, ಫಲಿಸುವ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅವಳಿ ತ್ರಿವಳಿಯ ಅಪಾಯ ಎಲ್ಲವನ್ನೂ ವಿವರಿಸಿ, ದಂಪತಿ ತಿಳಿದು ನಿರ್ಧರಿಸಲು ನೆರವಾಗಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಅಲ್ಲಿ ಸಮಾಲೋಚನೆಯ ಗುರಿ ನಿರ್ಧಾರ. ನಿರ್ಧರಿಸಿ, ಸೂಜಿ ಚುಚ್ಚಿಸಿಕೊಂಡು, ಗರ್ಭ ನಿಂತ ಮೇಲೆ ಬರುವ ಒಂಬತ್ತು ತಿಂಗಳಿಗೆ ಆ ಗುರಿ ಚಾಚುವುದಿಲ್ಲ.

ನನ್ನ ವಾದ ಇಷ್ಟೇ: ಚಿಕಿತ್ಸೆಯ ನಂತರದ ಬಸುರಿಗೆ, ಅದೇ ದಾರಿಯಲ್ಲಿ ನಡೆದ ಇನ್ನೊಬ್ಬ ಹೆಂಗಸಿನ ಜೊತೆ ಚಿಂತೆ ಹೇಳಿಕೊಳ್ಳುವ ಅವಕಾಶ ಚಿಕಿತ್ಸೆಯದೇ ಭಾಗವಾಗಬೇಕು. ಅದನ್ನು ಯಾರದೋ ಒಳ್ಳೆಯತನಕ್ಕೆ ಬಿಡಬಾರದು. ಇದಕ್ಕೆ ಅಡ್ಡ ನಿಂತಿರುವುದು ಹಣದ ಕೊರತೆಗಿಂತ ಹೆಚ್ಚಾಗಿ ಗುಟ್ಟು.

ಗುಟ್ಟಿನ ಚರಿತ್ರೆ ಈ ತಂತ್ರಜ್ಞಾನದಷ್ಟೇ ಹಳೆಯದು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಾಗ ಜಗತ್ತಿಗೆಲ್ಲ ಅವಳ ಹೆಸರು ಗೊತ್ತಾಯಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಹುಟ್ಟಿದ ಮಗುವನ್ನು ಜಗತ್ತು ‘ದುರ್ಗಾ’ ಎಂಬ ಹೆಸರಿನಿಂದಷ್ಟೇ ತಿಳಿದಿತ್ತು. ಕನುಪ್ರಿಯಾ ಅಗರ್ವಾಲ್ ಎಂಬ ತನ್ನ ನಿಜವಾದ ಗುರುತಿನೊಂದಿಗೆ ಆಕೆ ಎಲ್ಲರೆದುರು ನಿಂತದ್ದು ತನ್ನ 25ನೇ ಹುಟ್ಟುಹಬ್ಬಕ್ಕೆ, 2003ರಲ್ಲಿ. ಅಧಿಕಾರಿಗಳ ಅವಮಾನಕ್ಕೆ ಸಿಕ್ಕ ಡಾಕ್ಟರು 1981ರಲ್ಲೇ ಆತ್ಮಹತ್ಯೆ ಮಾಡಿಕೊಂಡಿದ್ದರು. ಆ ಡಾಕ್ಟರ ಕಥೆ ನಮಗೆ ಗೊತ್ತು, ಸಿನಿಮಾ ಕೂಡ ಆಯಿತು. ಮಗುವಿನ ಹೆಸರೂ ತಡವಾಗಿಯಾದರೂ ಗೊತ್ತಾಯಿತು. ಆದರೆ ದೇಶದಲ್ಲಿ ಯಾರೂ ಹೊರದ ಬಗೆಯಲ್ಲಿ ಮಗುವನ್ನು ಹೊತ್ತ ಆ ತಾಯಿ ಆ ತಿಂಗಳುಗಳಲ್ಲಿ ಯಾರ ಜೊತೆ ಮಾತಾಡಿರಬಹುದು ಎಂದು ನಾವು ಕೇಳಿಕೊಂಡಿದ್ದೇವೆಯೇ?

ಪುರಾಣದಲ್ಲೂ ಇದೇ ಕಥೆ. 2019ರ ಜನವರಿಯಲ್ಲಿ ಜಲಂಧರ್‌ನ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಒಬ್ಬ ಕುಲಪತಿಗಳು ಕೌರವರು ಪ್ರನಾಳ ಶಿಶುಗಳು ಎಂದರು. ದೇಶವೆಲ್ಲ ನಕ್ಕಿತು, ಕೆಲವರು ಚಪ್ಪಾಳೆ ತಟ್ಟಿದರು. ನಕ್ಕವರೂ ತಟ್ಟಿದವರೂ ನೋಡಿದ್ದು ತುಪ್ಪದ ಗಡಿಗೆಗಳನ್ನು ಮಾತ್ರ. ಗಡಿಗೆಗೆ ಮುಂಚೆ ಒಬ್ಬ ಹೆಂಗಸಿದ್ದಾಳೆ. ಎರಡು ವರ್ಷ ಗರ್ಭ ಹೊತ್ತು, ಕುಂತಿ ಹೆತ್ತಳೆಂಬ ಸುದ್ದಿ ಕೇಳಿ, ಗಂಡನಿಗೂ ತಿಳಿಯದಂತೆ ಹೊಟ್ಟೆಯನ್ನು ಹೊಡೆದುಕೊಂಡ ಗಾಂಧಾರಿ. ನಾವು ಅವಳನ್ನು ಅಸೂಯೆಗೆ ಉದಾಹರಣೆಯಾಗಿ ಓದುತ್ತ ಬಂದಿದ್ದೇವೆ. ನನಗೆ ಈಗ ಅವಳು ಬೇರೆಯಾಗಿ ಕಾಣುತ್ತಾಳೆ. ಹಸ್ತಿನಾವತಿಯ ಅರಮನೆಯಲ್ಲಿ ಎರಡು ವರ್ಷ ‘ಏನೋ ಸರಿಯಿಲ್ಲ ಅನಿಸುತ್ತಿದೆ’ ಎಂದು ಹೇಳಿಕೊಳ್ಳಲು ಒಬ್ಬಳೇ ಒಬ್ಬಳು ಸಿಗದ ಬಸುರಿಯಾಗಿ.

ನಮ್ಮ ಹಾಡುಗಳಿಗೂ ಇದನ್ನೇ ಕೇಳಬೇಕು. ಜನಪದದಲ್ಲಿ ಮಕ್ಕಳಿಲ್ಲದವಳ ದುಃಖಕ್ಕೆ ಎಷ್ಟೊಂದು ಹಾಡುಗಳಿವೆ. ಬಸುರಿಯ ತಿಂಗಳು ತಿಂಗಳ ಬಯಕೆಗೂ ಇವೆ. ಬಂಜೆತನದ ಹಾಡು ಮುಗಿದು ಬಯಕೆಯ ಹಾಡು ಶುರುವಾಗುವ ನಡುವೆ ಒಂದು ಖಾಲಿ ಜಾಗ ಇದೆ. ಹರಕೆ ಫಲಿಸಿತು ಎಂದ ಕೂಡಲೇ ಹುಳಿ ಮಾವಿನಕಾಯಿ ಬಂದುಬಿಡುತ್ತದೆ. ಆಧುನಿಕ ಕಥೆ, ಧಾರಾವಾಹಿಗಳು ಕೂಡ ‘ನೀನು ತಾಯಿಯಾಗ್ತಿದ್ದೀಯ’ ಎಂಬಲ್ಲಿ ಸಂಗೀತ ಹಾಕಿ ಮುಂದೆ ಹೋಗುತ್ತವೆ. ನಾನು ಕೂತಿರುವುದು ಆ ಖಾಲಿ ಜಾಗದಲ್ಲೇ.

ಆ ಜಾಗದ ಒಂಟಿತನ ವಿಚಿತ್ರವಾದುದು. ಹಿಂದಿನ ನಾಲ್ಕು ವರ್ಷ ಬೇರೆಯವರ ಸೀಮಂತದಲ್ಲಿ ಮಡಿಲು ತುಂಬುವ ಹೊತ್ತಿಗೆ ಯಾರಾದರೂ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಈಗ ಅವರೇ ಕರೆದು ಮಣೆ ಹಾಕುತ್ತಾರೆ. ಆ ಸಾಲಿನಲ್ಲಿ ಕೂತು ಹೆರಿಗೆಯ ತಮಾಷೆಗೆ ನಗಲು ಆಗುವುದಿಲ್ಲ. ಇನ್ನೂ ಕಾಯುತ್ತಿರುವ ಗೆಳತಿಯರ ಹತ್ತಿರ ಹೋಗಿ ನನಗೆ ಹೆದರಿಕೆ ಅನ್ನಲೂ ಆಗುವುದಿಲ್ಲ. ಹಸಿದವರ ಮುಂದೆ ಅಜೀರ್ಣದ ಮಾತು ಆಡಿದಂತಾಗುತ್ತದೆ. ಒಂದು ಗುಂಪಿನಿಂದ ಎದ್ದಾಯಿತು, ಇನ್ನೊಂದರಲ್ಲಿ ಕೂರಲಾಗಲಿಲ್ಲ.

ಇದಕ್ಕೆ ಮನೆ ಕೊಡುವ ಮದ್ದು ‘ಮೂರು ತಿಂಗಳು ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತೆ.’ ಖಚಿತವಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ಗರ್ಭಪಾತದಲ್ಲಿ ಕೊನೆಯಾಗುತ್ತವೆ, ಅವುಗಳಲ್ಲಿ ಬಹುಪಾಲು ಆಗುವುದು ಇದೇ ಮೂರು ತಿಂಗಳಲ್ಲಿ. ಹೆಚ್ಚಿನವಕ್ಕೆ ಕಾರಣ ಭ್ರೂಣದ ವರ್ಣತಂತುಗಳ ದೋಷ. ಅಂದರೆ ಜೊತೆಗೆ ಜನ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ನಾವು ಅವಳನ್ನು ಒಂಟಿಯಾಗಿ ಕೂಡಿಹಾಕುತ್ತೇವೆ. ಗರ್ಭ ಹೋದರೆ ದುಃಖವನ್ನೂ ಗುಟ್ಟಾಗಿಯೇ ಮುಗಿಸಬೇಕು; ಇದ್ದದ್ದೇ ಯಾರಿಗೂ ಗೊತ್ತಿಲ್ಲವಲ್ಲ. ಕಾನೂನು ಗರ್ಭಪಾತವಾದ ಉದ್ಯೋಗಸ್ಥೆಗೆ 6 ವಾರಗಳ ಸಂಬಳ ಸಹಿತ ರಜೆ ಕೊಡುತ್ತದೆ. ಕೇಳುವುದಕ್ಕೆ ಬಾಯಿ ಬಿಡಬೇಕು. ನನಗೆ ಗೊತ್ತಿರುವ ಒಬ್ಬ ಟೀಚರಮ್ಮ ಒಂಬತ್ತನೇ ವಾರಕ್ಕೆ ಗರ್ಭ ಹೋದ ಮೂರನೇ ದಿನ ಶಾಲೆಗೆ ಹೋಗಿ ನಿಂತು ಪಾಠ ಮಾಡಿದರು, ವೈರಲ್ ಜ್ವರ ಎಂದು ಹೇಳಿ. ಈ ಗುಟ್ಟಿನಿಂದ ಮನೆತನದ ಮಾನ ಉಳಿಯುತ್ತದೆ. ಸೋತ ಸುತ್ತುಗಳ ಸುದ್ದಿ ಹೊರಬೀಳದೆ ಕ್ಲಿನಿಕ್‌ನ ಗೋಡೆಯೂ ಚೆಂದವಾಗಿ ಉಳಿಯುತ್ತದೆ. ಹೆಂಗಸಿಗೆ ಉಳಿಯುವುದು ವೈರಲ್ ಜ್ವರ.

ಆ ಟೀಚರಮ್ಮನನ್ನೂ ಸೇರಿ ನಾವು ನಾಲ್ವರು ಪರಿಚಯವಾದದ್ದು ಸ್ಕ್ಯಾನ್ ರೂಮಿನ ಹೊರಗಿನ ಬೆಂಚಿನ ಮೇಲೆ. ಮಂಡ್ಯ ಕಡೆಯ ಟೀಚರಮ್ಮ, ಬಟ್ಟೆ ಹೊಲಿಯುವ ಒಬ್ಬ ಅಕ್ಕ, ಬ್ಯಾಂಕಿನ ಒಬ್ಬ ಹುಡುಗಿ, ನಾನು. ಯಾರೂ ಸಂಘ ಕಟ್ಟಲಿಲ್ಲ. ಫೋನ್ ನಂಬರ್ ಬರೆದುಕೊಂಡೆವು, ಅಷ್ಟೇ. ಔಷಧಿಯ ಮಾತು ಡಾಕ್ಟರಿಗೆ, ಭಯದ ಮಾತು ನಮ್ಮೊಳಗೆ ಎಂಬ ಒಂದೇ ಕಟ್ಟುಪಾಡು. ಒಂದು ರಾತ್ರಿ ನನಗೆ ಕಲೆ ಕಂಡಾಗ ಹೊಲಿಗೆ ಅಕ್ಕನಿಗೆ ಫೋನ್ ಮಾಡಿದೆ. ‘ಏನೂ ಆಗಲ್ಲ’ ಅಂತ ಅವರು ಅನ್ನಲಿಲ್ಲ. ‘ನಂಗೂ ಏಳನೇ ವಾರ ಹಿಂಗೇ ಆಗಿತ್ತು ಕಣವ್ವ. ಈಗ್ಲೇ ಡಾಕ್ಟ್ರಿಗೆ ಫೋನ್ ಹಚ್ಚು, ಆಮೇಲೆ ನಂಗೆ ಮಾಡು, ನಾನ್ ಎದ್ದೇ ಇರ್ತೀನಿ’ ಅಂದರು. ನನಗೆ ಬೇಕಾಗಿದ್ದದ್ದು ಆ ‘ಎದ್ದೇ ಇರ್ತೀನಿ’.

ಹೆಂಗಸರು ಕೂಡಿದರೆ ಭಯ ಹರಡುತ್ತದೆ, ಇಲ್ಲದ್ದು ಹಬ್ಬುತ್ತದೆ ಎನ್ನುವವರಿದ್ದಾರೆ. ಹಬ್ಬುವ ಅಪಾಯ ಇಲ್ಲವೆಂದಲ್ಲ. ಆದರೆ ನನ್ನ ಕಿವಿಗೆ ಬಿದ್ದ ತಪ್ಪು ಮಾಹಿತಿಯೆಲ್ಲ ಬಂದದ್ದು ಮನೆಗಳಿಂದ: ಮೆಟ್ಟಿಲು ಹತ್ತಬೇಡ, ಬಸ್ಸು ಬೇಡ, ಹಾಸಿಗೆ ಬಿಟ್ಟು ಏಳಬೇಡ. ಭ್ರೂಣ ಇಟ್ಟ ಮೇಲೆ ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಇದನ್ನು ನನಗೆ ಮೊದಲು ಹೇಳಿದ್ದು ಟೀಚರಮ್ಮ, ತಮ್ಮ ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಂಡು.

ಇದು ಬರೀ ಬೆಂಚಿನ ಅನುಭವವೂ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಖಿನ್ನತೆಯ ಅಪಾಯವಿದ್ದ 701 ಬಾಣಂತಿಯರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹಿಂದೆ ಅದನ್ನು ಅನುಭವಿಸಿ ಹೊರಬಂದ ತಾಯಂದಿರು ಫೋನಿನಲ್ಲಿ ಮಾತಾಡಿಸುತ್ತಿದ್ದ ಗುಂಪಿನಲ್ಲಿ 12 ವಾರಕ್ಕೆ ಖಿನ್ನತೆಯ ಲಕ್ಷಣ ಕಂಡದ್ದು ಶೇ. 14 ಮಂದಿಯಲ್ಲಿ, ಉಳಿದವರಲ್ಲಿ ಶೇ. 25. ಪಕ್ಕದ ಗೋವಾದಲ್ಲೂ ಸಂಗಾತ್ ಸಂಸ್ಥೆ ಅದೇ ಊರುಕೇರಿಯ ಸಾಮಾನ್ಯ ತಾಯಂದಿರಿಗೆ ತರಬೇತಿ ಕೊಟ್ಟು, ಖಿನ್ನತೆಯಲ್ಲಿದ್ದ ಬಸುರಿಯರ ಬಳಿಗೆ ಕಳಿಸಿ ನೋಡಿದೆ. ಈ ಅಧ್ಯಯನಗಳು ಐವಿಎಫ್ ಬಸುರಿಯರಿಗೆಂದೇ ನಡೆದವಲ್ಲ. ಆದರೆ ಅನುಭವಿಸಿದವರ ಮಾತಿಗೆ ಬೆಲೆಯಿದೆ ಎಂದು ನಂಬಲು ಇಷ್ಟು ಸಾಕು.

ನಮ್ಮ ವಿಭಾಗದ ಗೆಳತಿಯರ ಆಕ್ಷೇಪ ಬೇರೆ. ‘ತಾಯ್ತನದ ವೈಭವಕ್ಕೆ ನೀನೇ ದುಡ್ಡು ಸುರಿದು ಒಳಗೆ ಹೋದೆ, ಈಗ ಕಷ್ಟ ಅಂದ್ರೆ ಹೇಗೆ?’ ಎನ್ನುತ್ತಾರೆ. ತಾಯಿಯಾಗದ ಹೆಣ್ಣು ಅರ್ಧ ಎನ್ನುವ ನಂಬಿಕೆಯನ್ನು ನಾನೂ ಒಪ್ಪುವುದಿಲ್ಲ. ಆದರೆ ‘ಬೇಡಿ ಪಡೆದೆಯಲ್ಲ, ಸುಮ್ಮನಿರು’ ಎಂಬ ಅತ್ತೆಯ ಮಾತಿಗೂ, ‘ಆರಿಸಿಕೊಂಡೆಯಲ್ಲ, ಸುಮ್ಮನಿರು’ ಎಂಬ ಗೆಳತಿಯ ಮಾತಿಗೂ ಏನು ವ್ಯತ್ಯಾಸ? ಪಿಎಚ್.ಡಿ.ಯನ್ನೂ ನಾವೇ ಆರಿಸಿಕೊಂಡದ್ದು. ಅದರ ಸಂಕಟವನ್ನು ಕ್ಯಾಂಟೀನಿನಲ್ಲಿ ದಿನಾ ಹೇಳಿಕೊಳ್ಳುವುದಿಲ್ಲವೇ?

ಏನು ಮಾಡಬೇಕು ಎಂದರೆ ದೊಡ್ಡದೇನೂ ಅಲ್ಲ. ಕ್ಲಿನಿಕ್‌ಗಳು ಫೈಲು ಕೈಗಿಡುವ ದಿನ, ಇಬ್ಬರ ಒಪ್ಪಿಗೆಯೂ ಇದ್ದರೆ, ಈ ದಾರಿ ದಾಟಿದ ಒಬ್ಬಳ ಪರಿಚಯ ಮಾಡಿಕೊಡಲಿ. ಸಮಾಲೋಚನೆ ಹೆರಿಗೆಯವರೆಗೆ, ಗರ್ಭ ಹೋದವರಿಗೆ ಹೋದ ಮೇಲೂ ಸಿಗಲಿ. ಲಕ್ಷಗಟ್ಟಲೆಯ ಪ್ಯಾಕೇಜಿನಲ್ಲಿ ಇದು ಭಾರವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆ ನಡೆಯುತ್ತದೆ. ಸಾಲಿನಲ್ಲಿ ಕಾಯುವ ಆ ಹೊತ್ತಿಗೆ ಒಂದು ಕೋಣೆ, ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಗಂಟೆ ಸಿಗಲಿ. ಯುಜಿಸಿ ನಿಯಮದಲ್ಲಿ ಸಂಶೋಧನಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶವಿದೆ. ಮೊದಲ ಮೂರು ತಿಂಗಳ ಆಸ್ಪತ್ರೆ ಓಡಾಟಕ್ಕೆ ಮಾರ್ಗದರ್ಶಕರ ಮುಂದೆ ಸುಳ್ಳು ಹೇಳದೆ ಹೋಗಿಬರುವ ವಾತಾವರಣವೂ ಅದರ ಜೊತೆ ಬರಲಿ. ಬರೆಯುವವರು ಆ ಖಾಲಿ ಜಾಗದ ಬಗ್ಗೆ ಬರೆಯಲಿ.

ಮುಂದಿನ ತಿಂಗಳು ನನ್ನ ಸೀಮಂತ. ಮೂವರನ್ನೂ ಕರೆಯುತ್ತೇನೆ, ಮೊದಲು ಮಡಿಲು ತುಂಬಬೇಕಾದವರು ಟೀಚರಮ್ಮ ಎಂದು ಅತ್ತೆಗೆ ಹೇಳಿದ್ದೇನೆ. ಅವರ ಮಡಿಲು ಇನ್ನೂ ತುಂಬಿಲ್ಲ ಎಂಬುದನ್ನೂ ಹೇಳಿದ್ದೇನೆ. ಅತ್ತೆ ಹೂಂ ಅಂದಿಲ್ಲ. ಬೇಡ ಎಂದೂ ಅಂದಿಲ್ಲ. ನಿನ್ನೆ ಸಂಜೆ ಬಳೆಗಾರನಿಗೆ ಫೋನ್ ಮಾಡಿ, ಟೀಚರಮ್ಮನ ಕೈ ಅಳತೆ ಎಷ್ಟು ಅಂತ ನನ್ನನ್ನು ಕೇಳಿದರು.