ಗುಳಿಗಿ ಅಗ್ಗ ಆತು, ಮರೆ ಎಲ್ಲೈತಿ?

ಶುಗರ್ ಗುಳಿಗಿ ಅಂದ್ರ ಇನ್ಸುಲಿನ್ ಹೆಚ್ಚು ಮಾಡೋದು ಅಂತಷ್ಟೇ ನಾವು ತಿಳಕೊಂಡಿರತೇವಿ. ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಹಂಗಲ್ಲ. ಕಿಡ್ನಿ ದಿನಕ್ಕ ಸುಮಾರು 180 ಗ್ರಾಂ ಗ್ಲೂಕೋಸ್ ಸೋಸಿ, ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕ ವಾಪಸ್ ಕಳಸತೈತಿ. ಆ ಕೆಲಸದಾಗ ದೊಡ್ಡ ಪಾಲು ಎಸ್‌ಜಿಎಲ್‌ಟಿ-2 ಅನ್ನೋ ಪ್ರೋಟೀನ್‌ದು. ಈ ಗುಳಿಗಿ ಅದನ್ನ ತಡೀತಾವ, ಸಕ್ಕರಿ ಮೂತ್ರದಾಗ ಹೋಗತೈತಿ. ಮೆಕ್ಯಾನಿಕಲ್ ಮಂದಿಗೆ ಹೇಳೋದಾದ್ರ, ರಿಟರ್ನ್ ಲೈನಿನ ವಾಲ್ವ್ ಅರ್ಧ ಬಂದ್ ಮಾಡಿದಂಗ.

1835ರಲ್ಲಿ ಸೇಬಿನ ಗಿಡದ ತೊಗಟೆಯಿಂದ ತೆಗೆದ ಫ್ಲೋರಿಜಿನ್ ಇದರ ಮೂಲ. ಅದು ಗುಳಿಗಿ ಆಗಿ ಬರೋಕ 175 ವರ್ಷಕ್ಕಿಂತ ಹೆಚ್ಚು ಹಿಡೀತು. (ನಮ್ಮ ಬ್ಯಾಕ್‌ಲಾಗೇ ವಾಸಿ.) 2015ರ ದೊಡ್ಡ ಪ್ರಯೋಗದಲ್ಲಿ ಹೃದಯರೋಗವಿದ್ದ ಶುಗರ್ ರೋಗಿಗಳಲ್ಲಿ ಹೃದಯ, ರಕ್ತನಾಳದ ತೊಂದರೆಯಿಂದಾಗುವ ಸಾವು ಶೇ. 38ರಷ್ಟು ಇಳಿಯಿತು. 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು, 60 ರೂಪಾಯಿ ಆಸುಪಾಸಿನ ಗುಳಿಗಿ 10 ರೂಪಾಯಿ ಹತ್ರ ಬಂತು. ಅಣ್ಣಿಗೇರಿ, ಕುಂದಗೋಳದ ಮೆಡಿಕಲ್ ಶಾಪಿಗೂ ಇದು ಮುಟ್ಟಬೇಕು, ಅದರಾಗ ಎರಡು ಮಾತಿಲ್ಲ.

ಆದರ ಈ ಔಷಧಿಗೆ ಎರಡು ಷರತ್ತು ಅದಾವ: ಚಲೋತ್ನಾಗ ನೀರು ಕುಡೀಬೇಕು, ಮತ್ತ ಮತ್ತ ಮೂತ್ರಕ್ಕ ಹೋಗಬೇಕು. ನವಲಗುಂದದ ಎರಿ ಹೊಲ ನೋಡೀರಿ? ಕಣ್ಣು ಹಾಯಿಸಿದಷ್ಟು ದೂರ ಕಡ್ಲಿ, ಹತ್ತಿ. ಒಂದು ಗಿಡದ ಮರೆ ಇಲ್ಲ. ಕಲಘಟಗಿ ಕಡೆ ಗಿಡಗಂಟಿಯಾದರೂ ಐತಿ. ಟಂಟಂನಾಗ ಕೂತು ಕೂಲಿಗೆ ಬರೋ ಹೆಣ್ಣುಮಕ್ಕಳು ಸಂಜಿತನಕ ಹೋಗೋದು ತಪ್ಪಲಿ ಅಂತ ನೀರೇ ಕುಡಿಯಂಗಿಲ್ಲ. ಈ ಗುಳಿಗಿ ತಗೊಂಡವರ ಮೂತ್ರದಾಗ ಸಕ್ಕರಿ ಇರೋದರಿಂದ ಗುಪ್ತಾಂಗದ ಶಿಲೀಂಧ್ರ ಸೋಂಕು ಸಾಮಾನ್ಯ, ಅದೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ನೀರು ಕಡಿಮೆಯಾದ್ರ ತಲಿ ತಿರುಗತೈತಿ, ಬಿಪಿ ಬೀಳತೈತಿ. ವಾಂತಿ-ಭೇದಿ ಇದ್ದಾಗ, ದಿನಪೂರ್ತಿ ಉಪವಾಸ ಮಾಡಿದಾಗ ಗುಳಿಗಿ ನಿಲ್ಲಿಸೋ ಬಗ್ಗೆ ಡಾಕ್ಟರನ್ನ ಮೊದಲೇ ಕೇಳಿಟ್ಟುಕೊಂಡಿರಬೇಕು. ಇಲ್ಲಾಂದ್ರ ಶುಗರ್ ರೀಡಿಂಗ್ ಅಷ್ಟೇನೂ ಏರದೇನೂ ಕೀಟೋಅಸಿಡೋಸಿಸ್ ಆಗಬಹುದು. ಶ್ರಾವಣ ಸೋಮವಾರ, ರಂಜಾನ್ ಎರಡೂ ಇರೋ ಊರುಗಳಿಗೆ ಇದನ್ನ ಕನ್ನಡದಾಗ, ಚೀಟಿ ಬರೆಯುವಾಗಲೇ ಹೇಳಬೇಕು.

ಹಂಗಂತ ಹಳ್ಳಿ ಹೆಣ್ಣುಮಕ್ಕಳಿಗೆ ಈ ಗುಳಿಗಿ ಬ್ಯಾಡ ಅನ್ನೋ ವಾದ ನಾ ಒಪ್ಪಂಗಿಲ್ಲ. ಹೃದಯ, ಕಿಡ್ನಿ ಅವರಿಗೂ ಅದಾವ. ಇಲ್ಲಿ ಕೊರತೆ ಇರೋದು ಔಷಧಿಯದಲ್ಲ, ಶೌಚಾಲಯದ್ದು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಲಿಸ್ಟಿನಾಗ ಶುಗರ್ ಆ್ಯಪ್ ಸಾಕಷ್ಟು ಅದಾವ. ಟಂಟಂ ಹಿಂದ ಕಟ್ಟಿಕೊಂಡು ಹೊಲದ ಬದುವಿಗೆ ಒಯ್ಯೋವಂಥ, ಮಡಚೋ ಶೌಚಾಲಯ ಒಂದು ಯಾರರೆ ಡಿಸೈನ್ ಮಾಡ್ರಿ. ಗೈಡ್ ನಕ್ಕರೂ ನಡೀತೈತಿ.